ಎದ್ದು ನಿಲ್ಲದ ಮಕ್ಕಳೂ ನಮ್ಮ ಹನಗೋಡಿನ ಮೇಷ್ಟ್ರೂ

ಎಕ್ಸ್‌ಪೋರ್ಟ್ ಎಂಬ ಮಾತು ಕೇಳಿ ಹುಣಸೂರು ತಾಲೂಕಿನ ಹನಗೋಡಿನ ಸುತ್ತಮುತ್ತ ಯಾರೂ ಬೆರಗಾಗುವುದಿಲ್ಲ. ನಮ್ಮ ಹೊಲದ ವರ್ಜೀನಿಯಾ ಹೊಗೆಸೊಪ್ಪು ಬ್ಯಾರನ್‌ನಲ್ಲಿ ಬೆಂದು, ಬೇಲ್ ಕಟ್ಟಿಸಿಕೊಂಡು, ಕಟ್ಟೆಮಳಲವಾಡಿಯ ಹರಾಜಿನಲ್ಲಿ ಗ್ರೇಡ್ ಹಾಕಿಸಿಕೊಂಡು ಹಡಗು ಹತ್ತುವುದನ್ನು ಲಾಗಾಯ್ತಿನಿಂದ ನೋಡಿಕೊಂಡು ಬಂದವರು ನಾವು. ಅದಕ್ಕೇ ನನ್ನ ಭಾವಮೈದ ಮೇಷ್ಟ್ರಾಗಿ ಇಂಗ್ಲೆಂಡಿಗೆ ಹೊರಟಿದ್ದಾನೆ ಎಂಬ ಸುದ್ದಿ ಬಿದ್ದಾಗ ಊರು ಹಾರ ತರುವ ಮೊದಲು ಕೇಳಿದ್ದು, ‘ಯಾವ ಗ್ರೇಡಿಗೆ ಹೋಯ್ತಂತೆ?’

ಎರಡನೆಯ ಪ್ರಶ್ನೆ ಇನ್ನೂ ಚುರುಕಾಗಿತ್ತು. ಲಕ್ಷ್ಮಣತೀರ್ಥದ ಅಣೆಕಟ್ಟೆಯ ಕಡೆ ಸಂಜೆ ಹೊತ್ತು ಗಾಳಿಗೆ ಬರುವ ಹಿರಿಯರೊಬ್ಬರು ಅವನನ್ನು ನಿಲ್ಲಿಸಿಕೊಂಡು ವಿಚಾರಣೆ ಮಾಡಿದರು.

‘ಇಂಗ್ಲಿಷ್ನೋರ್ಗೇ ಇಂಗ್ಲಿಷ್ ಹೇಳ್ಕೊಡಕ್ಕೆ ಹೊಂಟಿದ್ದೀಯಂತಲ್ಲಪ್ಪ?’

‘ಇಲ್ಲ ದೊಡ್ಡಪ್ಪ, ಫಿಸಿಕ್ಸು.’

‘ಅದ್ನ ಯಾವ್ ಭಾಷೇಲಿ ಹೇಳ್ಕೊಡ್ತೀಯಾ?’

‘ಇಂಗ್ಲಿಷಲ್ಲೇ.’

‘ಮತ್ತೆ? ನಾನೂ ಅದ್ನೇ ತಾನೆ ಅಂದಿದ್ದು!’

ಈ ತರ್ಕಕ್ಕೆ ಫಿಸಿಕ್ಸಿನಲ್ಲೂ ಉತ್ತರವಿಲ್ಲ. ಭಾವಮೈದ ತೆಪ್ಪಗೆ ಮನೆಗೆ ಬಂದ.

ಅವನ ಹೆಸರು ಕೇಳಬೇಡಿ. ಹೆಂಡತಿಯ ತಮ್ಮ, ಹೆಸರು ಬರೆದರೆ ನನ್ನ ರಾತ್ರಿ ಊಟಕ್ಕೆ ಸಂಚಕಾರ. ಭಾವಮೈದನನ್ನು ಆಡಿಕೊಳ್ಳುವ ಹಕ್ಕನ್ನು ಯಾವ ಸಂವಿಧಾನವೂ ಕೊಟ್ಟಿಲ್ಲ, ಆದರೆ ನಮ್ಮ ಕಡೆ ಅದು ಧಾರೆಯ ಜೊತೆಗೇ ಬರುತ್ತದೆ. ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿದವನು. ಆ ಕಾಲದಲ್ಲಿ ಎಬಿಸಿಡಿ ಮುಖ ನೋಡಬೇಕಾದರೆ ಐದನೇ ಕ್ಲಾಸಿಗೆ ಬರಬೇಕಿತ್ತು. ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಬಂದದ್ದು 2007ರಲ್ಲಿ. ಅಷ್ಟರಲ್ಲಿ ಇವನಿಗೆ ಮೀಸೆ ಬರುವ ಹೊತ್ತು. ಬಿ.ಎಸ್‌ಸಿ.ಯನ್ನು ಇಂಗ್ಲಿಷ್ ಮೀಡಿಯಂನಲ್ಲಿ ಓದಿದ, ಅಂದರೆ ಪುಸ್ತಕ ಇಂಗ್ಲಿಷು, ಪಾಠ ಕನ್ನಡ, ಪರೀಕ್ಷೆ ದೇವರ ದಯೆ. ಆದರೆ ಇಂಗ್ಲೆಂಡಿನವರು ‘ನಿನಗೆ ಇಂಗ್ಲಿಷ್ ಬರುತ್ತದೆ ಎಂಬುದಕ್ಕೆ ಏನು ಆಧಾರ?’ ಎಂದು ಕೇಳಿದಾಗ ‘ಈತ ಓದಿದ್ದು ಇಂಗ್ಲಿಷ್ ಮಾಧ್ಯಮದಲ್ಲಿ’ ಎಂಬ ಯೂನಿವರ್ಸಿಟಿ ಪತ್ರವೇ ಕೈ ಹಿಡಿಯಿತು. ಆ ಪತ್ರ ನೋಡಿ ಅವನ ಹಳೆಯ ಸಹಪಾಠಿಗಳು ನಕ್ಕಿದ್ದು ಹುಣಸೂರು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿತಂತೆ.

ಮೇಷ್ಟ್ರುಗಳು ಸಮುದ್ರ ದಾಟುವುದು ಈಗಿನ ಶೋಕಿ ಅಂತ ತಿಳಿಯಬೇಡಿ. ಒಂದು ಕಾಲದಲ್ಲಿ ಜೆ.ಸಿ. ರಾಲೋ ಸಾಹೇಬರು ಅಲ್ಲಿಂದ ಬಂದು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ನಮ್ಮವರಿಗೆ ಇಂಗ್ಲಿಷ್ ಪಾಠ ಹೇಳಿದರು, ಪ್ರಿನ್ಸಿಪಾಲರೂ ಆದರು. ಆಮೇಲೆ ಗಾಡಿ ತಿರುಗಿತು. 1950–60ರ ದಶಕಗಳಲ್ಲಿ ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ತನ್ನ ದೇಶದ ಶಾಲೆಗಳಿಗೆ ಭಾರತದಿಂದ ಸಾವಿರಗಟ್ಟಲೆ ಮೇಷ್ಟ್ರುಗಳನ್ನು ಕರೆಸಿಕೊಂಡ. ಅದರಲ್ಲಿ ಸಿಂಹಪಾಲು ಕೇರಳದವರದು. ಅವರು ಎಲ್ಲಿಗೆ ತಾನೆ ಮೊದಲು ಹೋಗಿಲ್ಲ? ಹೋದವರ ಪಾಡು ಕೇಳಿ. ಅಲ್ಲಿನ ಗಡಿಯಾರ ಶುರುವಾಗುವುದು ಸೂರ್ಯ ಹುಟ್ಟಿದ ಮೇಲೆ. ನಮ್ಮ ಬೆಳಗಿನ 7 ಗಂಟೆ ಅವರಿಗೆ 1 ಗಂಟೆ. ಹೆಡ್‌ಮೇಷ್ಟ್ರು ‘ಎರಡು ಗಂಟೆಗೆ ಬನ್ನಿ’ ಅಂದರೆ ಹೊಸ ಮೇಷ್ಟ್ರು ಉಂಡು, ಒಂದು ನಿದ್ದೆ ತೆಗೆದು ಹೋದರೆ ಅಲ್ಲಿ ಶಾಲೆ ಬಿಡುವ ಹೊತ್ತು. ಮೇಲಾಗಿ ಆ ದೇಶದ ಪಂಚಾಂಗದಲ್ಲಿ ವರ್ಷಕ್ಕೆ 13 ತಿಂಗಳು. ಕೊನೆಯದಕ್ಕೆ ಐದೋ ಆರೋ ದಿನ. ಆ ಐದು ದಿನದ ಸಂಬಳದ ಬಗ್ಗೆ ವಿಚಾರಿಸದ ಮೇಷ್ಟ್ರು ಇದ್ದಿರಲಾರ. ಊಟಕ್ಕೆ ಟೆಫ್ ಎಂಬ ಸಣ್ಣ ಕಾಳಿನ ಹುಳಿದೋಸೆ, ಇಂಜೆರಾ. ಆದರೆ ಅಲ್ಲಿಗೆ ನಮ್ಮ ಕಡೆಯವರು ಹೋದರೆ ಪರದೇಶ ಅನ್ನಲಾಗದು. ಪೂರ್ವ ಆಫ್ರಿಕದ ಎತ್ತರದ ಸೀಮೆಯಲ್ಲೇ ರಾಗಿ ಹುಟ್ಟಿದ್ದು. ರಾಗಿ ಸಾವಿರಾರು ವರ್ಷಗಳ ಹಿಂದೆ ಇತ್ತ ಬಂತು, ಸಾಲ ತೀರಿಸಲಿಕ್ಕೆ ಮೇಷ್ಟ್ರುಗಳು ಅತ್ತ ಹೋದರು.

ಆಮೇಲೆ ನಮ್ಮ ಮೇಷ್ಟ್ರುಗಳು ಹೋದದ್ದು ಮಾಲ್ದೀವ್ಸ್‌ಗೆ. ಅಲ್ಲಿ ಶುಕ್ರವಾರ, ಶನಿವಾರ ರಜೆ; ಭಾನುವಾರ ಬೆಳಿಗ್ಗೆ ಶಾಲೆಯ ಬೆಲ್. ಭಾನುವಾರ ಬಾಡೂಟ ಎಂಬ ನಮ್ಮ ಸನಾತನ ಧರ್ಮಕ್ಕೇ ಅದು ಪೆಟ್ಟು. ದೀವಿಯ ಈ ತುದಿಯಿಂದ ಆ ತುದಿಗೆ ವಾಕಿಂಗ್ ಹೋಗಿ ವಾಪಸು ಬಂದರೂ ಟೀ ಬಿಸಿಯಾಗಿರುತ್ತದೆ. ಇಲ್ಲಿ ಮಾವಿನ ಮರದ ಕೆಳಗೆ ನಿಂತ ಪೋಷಕರೊಬ್ಬರನ್ನು ತಪ್ಪಿಸಿಕೊಂಡು ಇನ್ನೊಂದು ಬೀದಿಗೆ ಹೋಗಬಹುದು. ಅಲ್ಲಿ ತಪ್ಪಿಸಿಕೊಳ್ಳಬೇಕಾದರೆ ದೋಣಿ ಬೇಕು.

ಇಂಗ್ಲೆಂಡಿನ ಬಾಗಿಲು ತೆರೆದದ್ದು 2023ರ ಫೆಬ್ರವರಿಯಲ್ಲಿ. ಭಾರತ, ನೈಜೀರಿಯಾ, ಘಾನಾ, ಜಿಂಬಾಬ್ವೆ, ಜಮೈಕಾ ಮುಂತಾದ ದೇಶಗಳ ಗಣಿತ, ವಿಜ್ಞಾನ, ಭಾಷೆಯ ಮೇಷ್ಟ್ರುಗಳು ಅಲ್ಲಿನ ‘ಕ್ವಾಲಿಫೈಡ್ ಟೀಚರ್ ಸ್ಟೇಟಸ್’ಗೆ ಇಲ್ಲಿಂದಲೇ ಅರ್ಜಿ ಹಾಕಬಹುದು ಎಂದರು. ಅದೇ ವರ್ಷ ಫಿಸಿಕ್ಸ್ ಮತ್ತು ಭಾಷೆಗಳ ಮೇಷ್ಟ್ರಿಗೆ ಸಂಸಾರ ಎತ್ತಿಕೊಂಡು ಬರುವ ಖರ್ಚಿಗೆಂದು 10,000 ಪೌಂಡ್ ಕೊಡುವ ಯೋಜನೆಯನ್ನೂ ಸಾರಿದರು. ಫಿಸಿಕ್ಸ್ ಕಲಿತ ಇಂಗ್ಲಿಷರು ಶಾಲೆ ಬಿಟ್ಟು ಬೇರೆ ಎಲ್ಲ ಕಡೆಗೂ ಹೋಗುತ್ತಾರಂತೆ.

ನಮ್ಮ ಮೇಷ್ಟ್ರ ಕಾಗದಪತ್ರದ ಯಾತ್ರೆ ಶುರುವಾಯಿತು. ಅಂಕಪಟ್ಟಿ, ಬಿ.ಎಡ್. ಸರ್ಟಿಫಿಕೇಟು, ಅನುಭವದ ಪತ್ರ, ಪೊಲೀಸ್ ಕ್ಲಿಯರೆನ್ಸು. ಬೆಂಗಳೂರಿಗೆ ಹೋಗಿ ಎದೆಯ ಎಕ್ಸ್‌ರೇ ತೆಗೆಸಿ ಕ್ಷಯವಿಲ್ಲವೆಂಬ ಪ್ರಮಾಣಪತ್ರ. ಅಲ್ಲಿ ಕಾಯಿಲೆ ಬೀಳಬಹುದೆಂಬ ಮುಂದಾಲೋಚನೆಗೆ ವರ್ಷಕ್ಕೆ 1,035 ಪೌಂಡಿನಂತೆ ಆರೋಗ್ಯದ ಸರ್‌ಚಾರ್ಜು, ಅದೂ ವೀಸಾದ ಅಷ್ಟೂ ವರ್ಷದ್ದು ಒಟ್ಟಿಗೆ ಮುಂಗಡ. ನಮ್ಮತ್ತೆ ಕೇಳಿದರು, ‘ಕಾಯ್ಲೆ ಬರ್ದಿದ್ರೆ ವಾಪಸ್ ಕೊಟ್ಟಾರಾ?’ ಇಂಥ ಪ್ರಶ್ನೆ ಕೇಳುವವರು ಹಣಕಾಸು ಮಂತ್ರಿಯಾಗಬೇಕಿತ್ತು.

ಪ್ಯಾಕಿಂಗಿನ ದಿನ ಅತ್ತೆಯದೇ ದರ್ಬಾರು. ರಾಗಿಹಿಟ್ಟು, ಸಾರಿನ ಪುಡಿ, ಹುರುಳಿಕಾಳು, ಉಪ್ಪಿನಕಾಯಿ. ಕೊನೆಗೆ ಮನೆಯ ಎಮ್ಮೆ ತುಪ್ಪದ ಡಬ್ಬಿ. ಹೊರದೇಶದ ಹಾಲು ಮಾಂಸದ ಪದಾರ್ಥ ಒಳಗೆ ಬಿಡುವುದಿಲ್ಲ ಎಂದು ಮಗ ನಿಯಮ ಓದಿ ಹೇಳಿದ. ‘ಇನ್ನೂರು ವರ್ಷ ನಮ್ ದೇಶುದ್ದೆಲ್ಲ ಬಾಚ್ಕೊಂಡು ಹೋದೋರ್ಗೆ ಈಗ ನಮ್ ತುಪ್ಪ ಆಗಾಕಿಲ್ವಾ?’ ಎಂದು ಅತ್ತೆ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಬ್ರಿಟಿಷ್ ಸರ್ಕಾರದಿಂದ ನನಗೆ ಆದ ಏಕೈಕ ಲಾಭ ಅದು.

ಇಷ್ಟೆಲ್ಲ ಆಗುವಾಗ ಇಡೀ ಸಂಸಾರಕ್ಕೆ ಎರಡೇ ಚಿಂತೆ: ಚಳಿ ಮತ್ತು ಇಂಗ್ಲಿಷು. ಚಳಿಗೆ ಸ್ವೆಟರ್ ತಂದರು, ಇಂಗ್ಲಿಷಿಗೆ ಹರಕೆ ಹೊತ್ತರು. ಎರಡೂ ಅವನನ್ನು ಬಹಳ ಕಾಡಲಿಲ್ಲ. ಕಾಡಿದ್ದು ಯಾರೂ ಎಣಿಸದೇ ಇದ್ದ ಮೂರನೆಯದು.

ನಮ್ಮಲ್ಲಿ ಮೇಷ್ಟ್ರು ಕ್ಲಾಸಿಗೆ ಕಾಲಿಟ್ಟ ಕೂಡಲೇ ಏನಾಗುತ್ತದೆ? ಬೆಂಚುಗಳು ಕಿರುಗುಟ್ಟುತ್ತವೆ, ಐವತ್ತು ಮಕ್ಕಳು ಎದ್ದು ನಿಂತು ‘ನಮಸ್ತೇ ಸಾ…ರ್’ ಎಂದು ರಾಗ ಎಳೆಯುತ್ತಾರೆ, ಮೇಷ್ಟ್ರು ಕೈಯಲ್ಲೇ ‘ಕೂತ್ಕೊಳ್ಳಿ’ ಅನ್ನುತ್ತಾರೆ. ಆ ಒಂದು ಕ್ಷಣಕ್ಕಾಗಿ ಎಷ್ಟೋ ಜನ ಈ ವೃತ್ತಿಯಲ್ಲಿ ಉಳಿದಿದ್ದಾರೆ ಎಂಬುದು ನನ್ನ ಗುಮಾನಿ. ಇಂಗ್ಲೆಂಡಿನ ಉತ್ತರ ಭಾಗದ ಆ ಶಾಲೆಯಲ್ಲಿ ಇವನಿಗೆ ಮೊದಲ ದಿನ ಹೇಳಿಕೊಟ್ಟ ಪಾಠ ಬೇರೆ: ಪ್ರತಿ ಪಿರಿಯಡ್ಡಿಗೂ ಮೇಷ್ಟ್ರೇ ಮೊದಲು ಬಂದು ಬಾಗಿಲಲ್ಲಿ ನಿಂತಿರಬೇಕು, ಒಳಗೆ ಬರುವ ಒಬ್ಬೊಬ್ಬ ವಿದ್ಯಾರ್ಥಿಗೂ ಹೆಸರು ಹಿಡಿದು ಗುಡ್ ಮಾರ್ನಿಂಗ್ ಹೇಳಬೇಕು. ಅಂದು ರಾತ್ರಿ ಫೋನ್ ಮಾಡಿದ. ‘ಭಾವಾ, ದಿನಕ್ಕೆ ಐದು ಸಲ ಬಾಗಿಲಲ್ಲಿ ಹೆಣ್ಣಿನ ಕಡೆಯವನ ಥರ ನಿಂತು ಬೀಗರನ್ನ ಬರಮಾಡ್ಕೋತಾ ಇದ್ದೀನಿ.’

‘ಬೀಗರು ಏನಂತಾರೆ?’

‘ಕೆಲವರು ಗುಡ್ ಮಾರ್ನಿಂಗ್ ಅಂತಾರೆ. ಕೆಲವರು ನನ್ನ ಕೋಟು ನೋಡ್ತಾರೆ.’

ಆ ಕೋಟು ಮೈಸೂರಿನಲ್ಲಿ ಹೊಲಿಸಿದ್ದು, ಮದುವೆಯದು. ಹದಿಮೂರರ ಹುಡುಗನೊಬ್ಬ ಬಹಳ ವಿನಯದಿಂದ, ‘ಸರ್, ಇವತ್ತು ನಿಮ್ಮ ಮದುವೆಯಾ?’ ಎಂದು ಕೇಳಿದನಂತೆ. ಇವನು ಸಿಟ್ಟು ನುಂಗಿಕೊಂಡು ಬೋರ್ಡಿನ ಕಡೆ ತಿರುಗಿದ. ಹುಣಸೂರು ತಾಲೂಕಿನಲ್ಲಿ ಓದಿದವರಿಗೆ ಹುಣಸೆ ಬರಲಿನ ಗುಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ಇವನಿಗೆ ಅದು ನೆನಪಾಗಿರಲೇಬೇಕು. ಆದರೆ ಆ ಬರಲು ನಮ್ಮಲ್ಲೇ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಮುರಿದುಬಿತ್ತು, ಅವರ ಸರ್ಕಾರಿ ಶಾಲೆಗಳಲ್ಲಿ ಬೆತ್ತ 1987ರಲ್ಲೇ ಅಟ್ಟ ಸೇರಿತು. ಅಲ್ಲಿ ಮಕ್ಕಳು ಗಲಾಟೆ ಮಾಡಿದರೆ ಮೊದಲು ಎಚ್ಚರಿಕೆ, ಆಮೇಲೆ ಇನ್ನೊಂದು ಎಚ್ಚರಿಕೆ, ಆಮೇಲೆ ಶಾಲೆ ಬಿಟ್ಟ ಮೇಲೆ ಕೂರಿಸುವುದು. ಕೂರಿಸಿದರೆ ಜೊತೆಗೆ ಕೂರಬೇಕಾದವನು ಯಾರು? ಮೇಷ್ಟ್ರು. ಶಿಕ್ಷೆ ಯಾರಿಗಾಯಿತು ಎಂಬುದನ್ನು ನೀವೇ ಲೆಕ್ಕ ಹಾಕಿ.

ಊರಲ್ಲಿ ಅವನಿಗೆ ಎಂಥಾ ಗತ್ತಿತ್ತು ಸ್ವಾಮಿ! ಯಾರದೋ ಜಮೀನಿನ ಪತ್ರಕ್ಕೆ ಸಾಕ್ಷಿ ಮೇಷ್ಟ್ರು, ಹೆಣ್ಣು ನೋಡಲು ಹೋದರೆ ಮುಂದಿನ ಸೀಟು ಮೇಷ್ಟ್ರಿಗೆ, ಬ್ಯಾಂಕಿನ ಚಲನ್ ತುಂಬಿಕೊಡುವುದು ಮೇಷ್ಟ್ರು. ಅಲ್ಲಿ ಅಕ್ಕಪಕ್ಕದ ಮನೆಯವರಿಗೆ ಇವನು ಬುಧವಾರ ಯಾವ ಬಣ್ಣದ ಕಸದ ಡಬ್ಬ ಹೊರಗಿಡಬೇಕೆಂದು ಗೊತ್ತಿಲ್ಲದ ಮನುಷ್ಯ, ಅಷ್ಟೇ.

ಆದರೆ ಒಂದು ಮಾತು ಒಪ್ಪಬೇಕು. ನಮ್ಮಲ್ಲಿ ಆ ಗತ್ತಿಗೆ ತೆರುವ ಬೆಲೆಯೇನು ಕಡಿಮೆಯೇ? ಮೊಟ್ಟೆ ಬೇಯಿಸಿದರೋ ನೋಡು, ಹಾಲು ಕಲಸಿದರೋ ನೋಡು, ಮತದಾರರ ಪಟ್ಟಿ ತಿದ್ದು, ಚುನಾವಣೆಗೆ ಹೋಗು. 2025ರ ದಸರಾ ರಜೆಯಲ್ಲಿ ನಾಡಿನ ಮೇಷ್ಟ್ರುಗಳೆಲ್ಲ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆಯ ಆ್ಯಪ್ ಹಿಡಿದುಕೊಂಡು ನೆಟ್‌ವರ್ಕ್ ಸಿಗುವ ಮರ ಹುಡುಕುತ್ತಾ ಮನೆಮನೆ ತಿರುಗಿದರಲ್ಲ, ನಮ್ಮ ನಾಗರಹೊಳೆ ಅಂಚಿನ ಹಾಡಿಗಳ ದಾರಿಯಲ್ಲಿ ಆನೆ ಎದುರಾದರೆ ಅದನ್ನು ಯಾವ ಕಾಲಂನಲ್ಲಿ ತುಂಬುವುದು? ಇಂಗ್ಲೆಂಡಿನ ಮೇಷ್ಟ್ರ ದುಡಿಮೆಗೆ ಅಳತೆಯಿದೆ: ವರ್ಷಕ್ಕೆ 195 ದಿನ, ಹೆಡ್‌ಮೇಷ್ಟ್ರು ಹೇಳಿದಂತೆ ಕೇಳಬೇಕಾದದ್ದು 1,265 ಗಂಟೆ. ನಮ್ಮಲ್ಲಿ ಆರರಿಂದ ಎಂಟನೇ ಕ್ಲಾಸಿಗೆ ಕಾಯ್ದೆ ಹೇಳುವುದೇ 220 ದಿನ. ಈ ಲೆಕ್ಕ ಕೇಳಿ ಊರವರು ‘ಅಯ್ಯೋ, ಅರ್ಧ ವರ್ಷಾನೇ ರಜಾ’ ಎಂದು ಮೂಗಿನ ಮೇಲೆ ಬೆರಳಿಟ್ಟರು. ಆ ಗಂಟೆಗಳಾಚೆ ಇರುಳೆಲ್ಲ ನೋಟ್‌ಬುಕ್ಕು ತಿದ್ದುವುದು, ಪಾಠದ ಸ್ಲೈಡು ಮಾಡುವುದು ಲೆಕ್ಕಕ್ಕಿಲ್ಲ ಎಂಬುದನ್ನು ಅವನು ಹೇಳುವ ಮೊದಲೇ ಫೋನ್ ನನ್ನ ಹೆಂಡತಿಯ ಕೈಗೆ ಹೋಗಿರುತ್ತಿತ್ತು.

ಅವನಿಗೆ ಅಲ್ಲಿ ನಿಜಕ್ಕೂ ಕಣ್ಣು ತುಂಬಿದ್ದು ಲ್ಯಾಬ್ ನೋಡಿ. ಪ್ರಯೋಗಕ್ಕೆ ಬೇಕಾದ ತಂತಿ, ಬಲ್ಬು, ಮೀಟರುಗಳನ್ನು ಟ್ರೇಯಲ್ಲಿ ಜೋಡಿಸಿ ತಂದುಕೊಡಲು ಟೆಕ್ನಿಷಿಯನ್ ಇದ್ದಾರೆ. ಮುಂಚೆ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಇವನು ಅತಿಥಿ ಶಿಕ್ಷಕನಾಗಿದ್ದಾಗ ಲ್ಯಾಬ್ ಎಂದರೆ ಒಂದು ಗಾಜಿನ ಬೀರು. ಅದರ ಬೀಗದಕೈ ನಿವೃತ್ತರಾದ ಮೇಷ್ಟ್ರೊಬ್ಬರ ಮನೆಯಲ್ಲಿ. ಬೀರುವಿನ ಗಾಜಿಗೆ ಮುಖ ಒತ್ತಿ ಮಕ್ಕಳು ಒಳಗಿದ್ದ ಗ್ಯಾಲ್ವನೋಮೀಟರನ್ನು ಮೃಗಾಲಯದಲ್ಲಿ ನೋಡಿದಂತೆ ನೋಡುತ್ತಿದ್ದರು. ಆ ಅತಿಥಿ ಶಿಕ್ಷಕನ ಕೆಲಸಕ್ಕೆ ಪ್ರತಿ ಜೂನಿನಲ್ಲಿ ಹೊಸದಾಗಿ ಅರ್ಜಿ, ಬೇಸಿಗೆ ರಜೆಯಲ್ಲಿ ಕಾಸಿಲ್ಲ. ಮೊನ್ನೆ ಮೊನ್ನೆ ಹೆಚ್ಚಿಸಿದ ಮೇಲೂ ಈ ಗೌರವಧನ ತಿಂಗಳಿಗೆ ಹನ್ನೆರಡು ಸಾವಿರದ ಆಸುಪಾಸು.

ಹೋಲಿಸಿದರೆ ಅಲ್ಲಿ ಲಂಡನ್ನಿನ ಹೊರಗೆ ಹೊಸ ಮೇಷ್ಟ್ರ ಆರಂಭದ ಸಂಬಳ 2024ರ ಸೆಪ್ಟೆಂಬರಿನಲ್ಲಿ ವರ್ಷಕ್ಕೆ 31,650 ಪೌಂಡ್ ಇತ್ತು. ಹನಗೋಡಿನ ಟೀ ಅಂಗಡಿಯಲ್ಲಿ ಇದನ್ನು ನೂರರಿಂದ ಗುಣಿಸಿ, ಮೂವತ್ತು ಲಕ್ಷ ದಾಟಿತೆಂದು ಘೋಷಿಸಿ, ಅವನ ತಂದೆಯ ಹತ್ತಿರ ದೇವಸ್ಥಾನದ ಜೀರ್ಣೋದ್ಧಾರದ ರಸೀದಿ ಪುಸ್ತಕ ತಂದವರೂ ಉಂಟು. ಮನೆಬಾಡಿಗೆ, ತೆರಿಗೆ, ಗ್ಯಾಸು, ಮೇಲೆ ಕೌನ್ಸಿಲ್ ಟ್ಯಾಕ್ಸು. ಇವನ್ನೆಲ್ಲ ಕಳೆಯುವ ಲೆಕ್ಕ ಯಾವ ಟೀ ಅಂಗಡಿಯಲ್ಲೂ ಮಾಡುವುದಿಲ್ಲ, ಗುಣಾಕಾರ ಮಾತ್ರ.

ಸ್ಟಾಫ್‌ರೂಮಿನ ಸಂಗತಿ ಬೇರೆ. ಇಲ್ಲಿ ಹತ್ತೂವರೆಗೆ ಟೀ ತಾನಾಗಿ ಬರುತ್ತದೆ. ಯಾರು ದುಡ್ಡು ಕೊಟ್ಟರೆಂಬುದು ತಿಂಗಳ ಕೊನೆಯ ಜಗಳ. ಅಲ್ಲಿ ಅವರವರ ಕಪ್ಪು, ಅವರವರೇ ತೊಳೆಯಬೇಕು, ಹಾಲಿಗೆ ವಂತಿಗೆ. ಮೊದಲ ವಾರ ಇವನು ಕೈಗೆ ಸಿಕ್ಕ ಕಪ್ಪಿನಲ್ಲಿ ಟೀ ಹಾಕಿಕೊಂಡ. ಅದು ಹದಿನೈದು ವರ್ಷದಿಂದ ಗಣಿತದ ಮೇಡಮ್ಮಿನ ಕಪ್ಪು. ಆಕೆ ಏನೂ ಅನ್ನಲಿಲ್ಲ; ನಕ್ಕು ಪಕ್ಕದಲ್ಲಿ ನಿಂತೇ ಇದ್ದರು, ಇವನು ಕುಡಿದು ಮುಗಿಸುವವರೆಗೆ. ಡಿಡಿಪಿಐ ಬಂದಾಗಲೂ ಅವನು ಅಷ್ಟು ಬೆವತಿರಲಿಲ್ಲ. ಇನ್ನು ಇನ್‌ಸ್ಪೆಕ್ಷನ್ ಅಂದಿರಾ? ನಮ್ಮಲ್ಲಿ ಸಾಹೇಬರು ಬರುವುದು ವಾರದ ಮುಂಚೆ ಗೊತ್ತಾಗಿ ಗೋಡೆಗೆ ಸುಣ್ಣ, ಮೇಜಿಗೆ ಎಳನೀರು. ಅಲ್ಲಿ ಆಫ್‌ಸ್ಟೆಡ್ ಎಂಬ ಇಲಾಖೆಯವರು ಹಿಂದಿನ ದಿನ ಫೋನ್ ಮಾಡಿ ಮಾರನೆಯ ಬೆಳಿಗ್ಗೆ ಬಾಗಿಲಲ್ಲಿರುತ್ತಾರೆ. ಎಳನೀರು ಕೆತ್ತುವಷ್ಟೂ ಪುರುಸೊತ್ತಿಲ್ಲ.

ಒಂದು ದಿನ ಹುಡುಗನೊಬ್ಬನ ಮನೆಗೆ ಫೋನ್ ಮಾಡಬೇಕಾಯಿತು. ದೂರಲಿಕ್ಕಲ್ಲ, ಹೊಗಳಲಿಕ್ಕೆ, ಅಲ್ಲಿ ಅದಕ್ಕೂ ಪದ್ಧತಿಯಿದೆ. ‘ನಿಮ್ಮ ಮಗ ಇವತ್ತು ವಿದ್ಯುತ್ ಮಂಡಲವನ್ನು ಚೆನ್ನಾಗಿ ಜೋಡಿಸಿದ’ ಎಂದ. ಆ ಕಡೆ ತಂದೆ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಸರಿ, ಆಮೇಲೆ ಏನು ಮಾಡಿದ ಹೇಳಿ’ ಎಂದನಂತೆ. ಲೋಕದ ಅಪ್ಪಂದಿರೆಲ್ಲ ಒಂದೇ. ನಮ್ಮ ಕಡೆ ಆಗಿದ್ದರೆ ‘ಎರಡು ಬಾರಿಸಿ ಸಾರ್, ನಾವೇನೂ ಕೇಳಲ್ಲ’ ಎಂಬ ಪರವಾನಗಿಯೂ ಜೊತೆಗೆ ಸಿಗುತ್ತಿತ್ತು, ಅಷ್ಟೇ ವ್ಯತ್ಯಾಸ.

ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಶಾಲೆಯಿಂದ ಬಂದು ಮುದ್ದೆಗೆ ಎಸರಿಟ್ಟು, ಸಾರಿಗೆ ಒಗ್ಗರಣೆ ಸಿಡಿಸಿದರೆ ಮೇಲಿನ ಹೊಗೆ ಅಲಾರಾಂ ಬೀದಿಗೇ ಕೇಳುವಂತೆ ಕಿರುಚಿಕೊಂಡಿತು. ಬ್ಯಾರನ್ ಒಲೆಗೆ ರಾತ್ರಿಯಿಡೀ ಸೌದೆ ಒಟ್ಟಿ ಬೆಳೆದವನಿಗೆ ಒಂದು ಚಮಚ ಸಾಸಿವೆಯ ಅಪರಾಧ! ಈಗ ಕಿಟಕಿ ತೆಗೆದು, ಮೈಮೇಲೆ ಜಾಕೆಟ್ಟು ತೊಟ್ಟು ಒಗ್ಗರಣೆ ಹಾಕುತ್ತಾನೆ.

ಅವನ ಗತ್ತು ಒಂದೇ ಒಂದು ದಿನ ವಾಪಸು ಬಂತು. ಅಲ್ಲಿ ಕನ್ನಡದವರ ಸಂಘಟನೆಗಳು ಹಳೆಯವು. ‘ಕನ್ನಡ ಬಳಗ ಯುಕೆ’ 1983ರಿಂದಲೇ ಇದೆ. ಹತ್ತಿರದ ಊರಿನಲ್ಲಿ ಕನ್ನಡಿಗರ ದೀಪಾವಳಿ ಕೂಟಕ್ಕೆ ಇವನೂ ಹೋದ. ಎಲ್ಲರೂ ಕೇಳುವ ಪ್ರಶ್ನೆ, ‘ಡಾಕ್ಟ್ರಾ, ಸಾಫ್ಟ್‌ವೇರಾ?’ ಇವನು ‘ಮೇಷ್ಟ್ರು’ ಎಂದ. ಕ್ಷಣಕಾಲ ಯಾರಿಗೂ ಏನು ಹೇಳಬೇಕೆಂದು ತೋಚಲಿಲ್ಲ. ‘ಯಾವ ಸಬ್ಜೆಕ್ಟು?’ ‘ಫಿಸಿಕ್ಸು.’ ಮುಗಿಯಿತು! ಹದಿನೈದರ ಮಕ್ಕಳಿರುವ ತಂದೆತಾಯಂದಿರೆಲ್ಲ ಎದ್ದು ಬಂದರು. ಅಲ್ಲಿನ ಎಸ್‌ಎಸ್‌ಎಲ್‌ಸಿಯಾದ ಜಿಸಿಎಸ್‌ಇ ಪರೀಕ್ಷೆ ಹತ್ತಿರ, ಮಗನಿಗೆ ಬಲರೇಖೆ ತಲೆಗೆ ಹತ್ತುವುದಿಲ್ಲ. ಹೃದ್ರೋಗ ತಜ್ಞರೊಬ್ಬರು ಊಟದ ಸಾಲಿನಲ್ಲಿ ತಮ್ಮ ಜಾಗವನ್ನೇ ಬಿಟ್ಟುಕೊಟ್ಟು, ‘ನೀವು ಮುಂದೆ ಬನ್ನಿ ಮೇಷ್ಟ್ರೇ’ ಎಂದರು. ಬಿಸಿಬೇಳೆಬಾತಿಗಿಂತ ಆ ಮಾತು ರುಚಿಯಾಗಿತ್ತೆಂದು ಇವನು ಒಪ್ಪಿಕೊಂಡಿದ್ದಾನೆ.

ಇದರ ತದ್ವಿರುದ್ಧ ನಾಟಕ ನಮ್ಮ ಮಗ್ಗುಲಲ್ಲೇ ನಡೆಯುತ್ತದೆ. 1960ರ ಸುಮಾರಿಗೆ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಟಿಬೆಟನ್ನರಿಗೆ ಜಾಗ ಕೊಟ್ಟಿತು. ಮುಂದೆ 1970ರ ದಶಕದ ಆರಂಭದಲ್ಲಿ ನಮ್ಮ ಗುರುಪುರದಲ್ಲೂ ಕ್ಯಾಂಪಾಯಿತು. ಅಲ್ಲಿನ ಎಳೆಯ ಭಿಕ್ಷುಗಳಿಗೆ ಇಂಗ್ಲಿಷ್ ಹೇಳಿಕೊಡಲು ಪಶ್ಚಿಮದ ಹುಡುಗ ಹುಡುಗಿಯರು ಆಗಾಗ ಬರುತ್ತಾರೆ. ಅವರಿಗೂ ಕಾಗದಪತ್ರದ ಕಾಟ ತಪ್ಪಿದ್ದಲ್ಲ: ಕ್ಯಾಂಪಿನಲ್ಲಿ ರಾತ್ರಿ ತಂಗಬೇಕಾದರೆ ವಿದೇಶಿಯರು ದೆಹಲಿಯ ಗೃಹ ಸಚಿವಾಲಯದ ಪರವಾನಗಿ ತರಬೇಕು. ಆದರೆ ಗುರುವೆಂದರೆ ತಲೆಬಾಗುವ ಮಠದಲ್ಲಿ ಅವರಿಗೆ ಸಿಗುವ ಮರ್ಯಾದೆ ನೋಡಿ. ತನ್ನ ಊರಲ್ಲಿ ಯಾರೂ ಕಣ್ಣೆತ್ತಿ ನೋಡದ ಇಪ್ಪತ್ತರ ಹುಡುಗ ಇಲ್ಲಿ ಗುರುಸ್ಥಾನದಲ್ಲಿ ಕೂತು ಮುಜುಗರದಿಂದ ಕೆಂಪಾಗುತ್ತಾನೆ. ನಮ್ಮವನು ಅಲ್ಲಿ ಬಾಗಿಲಲ್ಲಿ ನಿಂತು ಕಪ್ಪಗಾಗುತ್ತಾನೆ. ಇಬ್ಬರನ್ನೂ ಅದಲುಬದಲು ಮಾಡಿದರೆ ವೀಸಾ ಖರ್ಚಾದರೂ ಉಳಿಯುತ್ತಿತ್ತು ಎಂದು ನಾನು ಹೇಳಿದ್ದಕ್ಕೆ ಹೆಂಡತಿ ಎರಡು ದಿನ ಮಾತು ಬಿಟ್ಟಿದ್ದಳು.

ಕಳೆದ ರಜೆಯಲ್ಲಿ ಮೇಷ್ಟ್ರು ಊರಿಗೆ ಬಂದಿದ್ದರು. ಕೆಎಸ್‌ಆರ್‌ಟಿಸಿ ಕಂಡಕ್ಟರಿಗೆ ಥ್ಯಾಂಕ್ಯೂ ಹೇಳಿ ಅನುಮಾನಕ್ಕೆ ಗುರಿಯಾದರು. ಚಿಲ್ಲರೆ ಕೇಳುವ ಹೊಸ ಉಪಾಯವಿರಬೇಕೆಂದು ಆತ ಎರಡು ಸಲ ಟಿಕೆಟ್ ನೋಡಿದ. ಹಳೆಯ ಹೈಸ್ಕೂಲಿಗೆ ಹೋದಾಗ ಮಕ್ಕಳೆಲ್ಲ ಎದ್ದು ನಿಂತರೆ ಇವನೂ ಗಾಬರಿಯಾಗಿ ನಿಂತೇ ಇದ್ದನಂತೆ, ‘ಕೂತ್ಕೊಳ್ಳಿ’ ಅನ್ನುವುದೇ ಮರೆತು. ಸಂಜೆ ಮನೆಯಲ್ಲಿ ಅತ್ತೆ ಮುದ್ದೆ ಬಡಿಸುತ್ತಾ ವಿಚಾರಣೆ ಶುರುಮಾಡಿದರು.

‘ಅಲ್ಲಿ ಹೈಕ್ಳು ಹೇಳಿದ್ ಮಾತ್ ಕೇಳ್ತಾವಾ ಮಗ?’

‘ಎಲ್ಲಮ್ಮಾ, ಕೇಳೋದಿಲ್ಲ.’

‘ಮಾತ್ ಕೇಳ್ದಿರೋ ಹೈಕ್ಳು ಇಲ್ಲೇ ಬೇಕಾದಷ್ಟ್ ಇದ್ವಲ್ಲಪ್ಪ. ಅದ್ಕೆ ಅಷ್ಟ್ ದೂರ ಯಾಕ್ ಹೋಗ್ಬೇಕಾಗಿತ್ತು?’

ಭಾವಮೈದ ನನ್ನ ಮುಖ ನೋಡಿದ. ಈ ಪ್ರಶ್ನೆಗೆ ಉತ್ತರ ನನಗೆ ಗೊತ್ತು, ಅವನಿಗೂ ಗೊತ್ತು: ಮಾತು ಕೇಳದ ಮಕ್ಕಳ ಮುಂದೆ ನಿಲ್ಲುವುದಕ್ಕೆ ಅಲ್ಲಿ ಸಂಬಳ ಕೊಡುತ್ತಾರೆ, ಇಲ್ಲಿ ಎದ್ದು ನಿಂತು ನಮಸ್ತೆ ಹೇಳುತ್ತಾರೆ. ನಮಸ್ತೆಯಿಂದ ಹಾಲಿನ ಬಾಕಿ ತೀರುವುದಿಲ್ಲ, ಸಂಬಳದಿಂದ ಹೊಟ್ಟೆಯಲ್ಲಿ ತಂಪಾಗುವುದಿಲ್ಲ. ಎರಡನ್ನೂ ಒಂದೇ ಊರಲ್ಲಿ ಕೊಡುವ ಸರ್ಕಾರ ಬಂದ ದಿನ ಅವನಿಗೆ ತಾರು ಕಳಿಸುತ್ತೇನೆ. ಸದ್ಯಕ್ಕೆ ನಮ್ಮ ಬೀದಿಯ ಇನ್ನೂ ಮೂವರು ಹುಡುಗರು ಬಿ.ಎಡ್. ಸೇರಿದ್ದಾರೆ, ಅವರ ಪೈಕಿ ಒಬ್ಬ ಈಗಿನಿಂದಲೇ ಮನೆಬಾಗಿಲಲ್ಲಿ ನಿಂತು ಬಂದವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿ ಅಭ್ಯಾಸ ಮಾಡುತ್ತಿದ್ದಾನೆ. ಹಾಲಿನವನಂತೂ ಬಾಕಿ ಕೇಳುವುದಕ್ಕೇ ಹೆದರುವ ಹಾಗಾಗಿದೆ.